ಮಚವೆಯ ಮೇಲೊಂದು ಒಲೆ

ಸಿಟ್ಟು ಬಂದರೆ ಕೆಲವರು ಪಾತ್ರೆ ಕುಕ್ಕುತ್ತಾರೆ, ಕೆಲವರು ಉಣ್ಣದೆ ಮಲಗುತ್ತಾರೆ, ತವರು ಹತ್ತಿರವಿದ್ದವರು ಟ್ರಂಕು ಹಿಡಿದು ಹೊರಟುಬಿಡುತ್ತಾರೆ. ನಾನು ಹಳೇ ಮಚವೆ ಕೊಳ್ಳಲು ಹೋದೆ. ಮಚವೆ ಎಂದರೆ ಗೊತ್ತಲ್ಲ, ನಮ್ಮ ಕರಾವಳಿಯಿಂದ ಮುಂಬಯಿಗೆ ಸರಕು ಒಯ್ಯುತ್ತಿದ್ದ ಹಾಯಿಯ ಹಡಗು. ಆಗ ನಾವಿದ್ದದ್ದು ಯಲ್ಲಾಪುರದಲ್ಲಿ. ಅಲ್ಲಿಂದ ಸಮುದ್ರ ನೋಡಬೇಕಾದರೆ ಅರಬೈಲ್ ಘಟ್ಟ ಇಳಿಯಬೇಕು. ನನಗೆ ಈಜು ಬರುವುದಿಲ್ಲ. ನಮ್ಮವರಿಗೆ ಸಂಕದ ಮೇಲೆ ಹಳ್ಳ ದಾಟುವಾಗಲೂ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಆದರೂ ಇನ್ನು ಸಂಸಾರ ಮಾಡಿದರೆ ಮಚವೆಯಲ್ಲೇ ಎಂದು ಹಟ ಹಿಡಿದೆ. ನಗುವವರು ನಗಲಿ. ಬಾಡಿಗೆ ಮನೆಯಲ್ಲಿ ಇದ್ದವರು ಯಾರೂ ನಗುವುದಿಲ್ಲ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಿಡಾರ ಹೂಡಿ ನೋಡು ಎನ್ನುವುದನ್ನು ಮರೆತೇಬಿಟ್ಟರು. ಬಹುಶಃ ಅವರೆಲ್ಲ ಸ್ವಂತ ಮನೆಯವರಿರಬೇಕು. ನಮ್ಮವರು ಕಚೇರಿಯಲ್ಲಿ ಗುಮಾಸ್ತರು. ರಾಜ್ಯಗಳು ಹೊಸದಾಗಿ ಕೂಡಿದ ಕಾಲ ಅದು. ಮುಂಬಯಿಯ ಕಾಗದಗಳು ಮೈಸೂರಿನ ಕಾಗದಗಳಾಗುವ ಗಡಿಬಿಡಿಯಲ್ಲಿ ಗುಮಾಸ್ತರನ್ನೂ ಅತ್ತಿಂದಿತ್ತ ಎತ್ತಿಡುತ್ತಿದ್ದರು. ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ. ಊರು ಬದಲಾದರೂ ಮನೆಯ ಒಡೆಯರ ಮಾತು ಮಾತ್ರ ಒಂದೇ.

ಸಿದ್ದಾಪುರದ ಒಡೆಯರು ಗೋಡೆಗೆ ಮೊಳೆ ಹೊಡೆಯಕೂಡದು ಎಂದರು. ಹಾಗಾಗಿ ನಮ್ಮ ದೇವರ ಪಟಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ಕುಳಿತವು. ಅಲ್ಲಿದ್ದಷ್ಟು ಕಾಲ ನಾನು ಅವುಗಳಿಗೆ ಕೈ ಮುಗಿದದ್ದಕ್ಕಿಂತ ಹೆಚ್ಚು ಅವುಗಳ ಮೇಲಿನ ಇರುವೆ ಒರಸಿದ್ದೇ ಆಯಿತು. ಶಿರಸಿಯ ಒಡತಿ ದೀಪ ಹಚ್ಚಿದ ಮೇಲೆ ಬಾವಿಗೆ ಕೊಡ ಇಳಿಸಬಾರದು ಎಂದಳು. ನಾನು ಹೊರಗಾಗುವ ದಿನ ನನಗಿಂತ ಮೊದಲು ಅವಳಿಗೆ ಗೊತ್ತಿರುತ್ತಿತ್ತು. ಆ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಾವಿಯ ಹಗ್ಗ ಅವಳ ಜಗಲಿಯ ಮೇಲೆ. ನನ್ನ ಮೈಯ ಲೆಕ್ಕ ಇಡಲು ಇವಳ್ಯಾರು ಎಂದು ನಾನು ಎಷ್ಟು ಸಲ ಹಲ್ಲು ಕಚ್ಚಿಲ್ಲ! ಬಾಡಿಗೆ ಕೊಡುವುದು ಗೋಡೆಗೆ ಮತ್ತು ತಲೆಯ ಮೇಲಿನ ಮಾಡಿಗೆ. ಒಡೆಯರು ವಸೂಲಿ ಮಾಡುವುದು ಮಾತ್ರ ಮನುಷ್ಯರನ್ನೇ.

ಇದೆಲ್ಲ ನುಂಗಿಕೊಂಡೆ. ಒಲೆಯ ವಿಷಯ ನುಂಗಲಾಗಲಿಲ್ಲ. ನಮ್ಮ ಕಡೆ ಮಣ್ಣಿನ ಒಲೆಯನ್ನು ಮನೆಯ ಹೆಂಗಸೇ ಮೆತ್ತಬೇಕು. ಹುತ್ತದ ಮಣ್ಣು ತಂದು, ಹೊಟ್ಟು ಸಗಣಿ ಬೆರೆಸಿ ತುಳಿದು, ಒಂದೊಂದೇ ಮುದ್ದೆ ಇಟ್ಟು ಎಬ್ಬಿಸಿ, ಬಿರುಕು ಬಿಟ್ಟಲ್ಲಿ ಮತ್ತೆ ಸವರಿ, ಒಣಗಿದ ಮೇಲೆ ರಂಗೋಲಿ ಎಳೆದು ಮೊದಲ ಬೆಂಕಿ ಹಾಕಬೇಕು. ಯಾವ ಕೈಯ ಒಲೆ ಹೇಗೆ ಉರಿಯುತ್ತದೆ ಎನ್ನುವುದು ಆ ಕೈಗೇ ಗೊತ್ತು. ಬಿಡಾರದವಳ ದುರ್ದೈವ ನೋಡಿ: ಪಾತ್ರೆ, ಹಾಸಿಗೆ, ಒರಳುಕಲ್ಲು ಎಲ್ಲ ಗಾಡಿ ಹತ್ತುತ್ತವೆ, ಒಲೆ ಹತ್ತುವುದಿಲ್ಲ. ಸಿದ್ದಾಪುರದಲ್ಲಿ ಒಂದು ಬಿಟ್ಟು ಬಂದೆ, ಶಿರಸಿಯಲ್ಲಿ ಒಂದು ಬಿಟ್ಟು ಬಂದೆ. ಯಲ್ಲಾಪುರದಲ್ಲಿ ಮೆತ್ತಿದ್ದು ನನ್ನ ಕೈಯ ಅತಿ ಒಳ್ಳೆಯ ಒಲೆ. ಎರಡು ಕಡ್ಡಿ ಇಟ್ಟರೆ ಸಾಕು, ಅನ್ನ ಒಂದು ಕಡೆ ಕುದಿಯುತ್ತಾ ಸಾರು ಇನ್ನೊಂದು ಕಡೆ ಬಿಸಿಯಾಗಿರುತ್ತಿತ್ತು.

ಯಲ್ಲಾಪುರದ ಒಡತಿಯ ಹೆಸರು ಸಾವಿತ್ರಕ್ಕ. ಗೋಡೆಯ ಆಚೆ ಅವಳ ಅಡಿಗೆಮನೆ, ಈಚೆ ನಮ್ಮದು, ನಡುವೆ ಕೈಯಗಲದ ಒಂದು ಕಿಂಡಿ. ಹೊಗೆ ಹೋಗಲಿ ಎಂದು ಕಿಂಡಿ ಇಟ್ಟಿದ್ದು ಎನ್ನುತ್ತಿದ್ದಳು. ಹೋಗುತ್ತಿದ್ದದ್ದು ಹೊಗೆ, ಬರುತ್ತಿದ್ದದ್ದು ಅವಳ ಕಣ್ಣು. ಒಲೆಯನ್ನು ಆಗ್ನೇಯ ಮೂಲೆಯಲ್ಲೇ ಹೂಡಬೇಕು ಎಂದು ನಿಂತು ಹೂಡಿಸಿದವಳೂ ಅವಳೇ. ಒಲೆ ಆಗ್ನೇಯದಲ್ಲಿದ್ದರೆ ಕಿಂಡಿಯಿಂದ ನೆಟ್ಟಗೆ ಕಾಣುತ್ತಿತ್ತು ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಒಂದು ದಿನ ಅರಬೈಲ್ ಘಟ್ಟದಲ್ಲಿ ಮರದ ಲಾರಿ ಅಡ್ಡ ಬಿದ್ದು ಬಸ್ಸುಗಳೆಲ್ಲ ನಿಂತವು. ನಮ್ಮವರು ಮಧ್ಯಾಹ್ನ ಊಟಕ್ಕೆ ಬರುವಾಗ ಒಬ್ಬರನ್ನು ಕರೆತಂದರು. ಗಂಗಾವಳಿ ಹೊಳೆಯ ಬಾಯಿಯ ಕಡೆಯವರು, ಮಚವೆ ನಡೆಸುವವರು; ಅಂಥವರನ್ನು ತಾಂಡೇಲ ಎನ್ನುತ್ತಾರಂತೆ. ತಮ್ಮ ಮಚವೆಯ ಹಾಯಿ ಕಟ್ಟುವ ಕೂವೆಮರ ಸೀಳಿದೆ, ಹೊಸದಕ್ಕೆ ಒಂದು ನೆಟ್ಟನೆಯ ಮರ ಸಿಗುವುದೋ ಎಂದು ಘಟ್ಟ ಹತ್ತಿ ಬಂದಿದ್ದರು. ಮರ ಸಿಗಲಿಲ್ಲ, ಬಸ್ಸೂ ಸಿಗಲಿಲ್ಲ. ಹಸಿದ ಮುಖ ನೋಡಿದ ಮೇಲೆ ಊರು ಕುಲ ಕೇಳುವ ಬುದ್ಧಿ ನನಗೆ ತವರಿನಲ್ಲಿ ಯಾರೂ ಕಲಿಸಿರಲಿಲ್ಲ. ನಮ್ಮವರ ಪಕ್ಕದಲ್ಲೇ ಎಲೆ ಹಾಕಿ ಬಡಿಸಿದೆ. ಉಣ್ಣುತ್ತಾ ಅವರು ಮಚವೆಯ ಕತೆ ಹೇಳಿದರು. ಲಾರಿಗಳು ಬಂದ ಮೇಲೆ ಹಾಯಿಗೆ ಸರಕಿಲ್ಲ, ಇನ್ನು ಮಾರುವುದೇ. ಉಣ್ಣುವುದು, ಮಲಗುವುದು, ಜಗಳವಾಡುವುದು ಎಲ್ಲ ಅದರ ಮೇಲೇ ಮಾಡಿದ್ದು, ಮನೆಗಿಂತ ಹೆಚ್ಚು ಅದು ಎಂದು ಕಣ್ಣೊರಸಿಕೊಂಡರು. ಊಟವಾಗಿ ಕೈ ತೊಳೆದು ಕಿವಿಯಿಂದ ಬೀಡಿ ತೆಗೆದವರು ತಮ್ಮ ಮಚವೆಯಲ್ಲೇ ಇದ್ದೇನೆ ಎಂದುಕೊಂಡರೋ ಏನೋ, ಸೀದಾ ಒಳಗೆ ಬಂದು ನನ್ನ ಒಲೆಯಿಂದ ಒಂದು ಕೆಂಡ ತೆಗೆದು ಬೀಡಿ ಹಚ್ಚಿಕೊಂಡು ಹೊರಗೆ ಹೋದರು.

ಕಿಂಡಿಯಲ್ಲಿ ಕಣ್ಣಿತ್ತು.

ಸಂಜೆ ನಾನು ಹೊಳೆಯಲ್ಲಿ ಬಟ್ಟೆ ಒಗೆದು ಬರುವಷ್ಟರಲ್ಲಿ ಅಡಿಗೆಮನೆಯ ತುಂಬ ಕೆಂಪು ಮಣ್ಣು. ಸಾವಿತ್ರಕ್ಕ ಒನಕೆ ಹಿಡಿದು ನಿಂತಿದ್ದಳು.

"ಒಲೆ ಮೈಲಿಗೆ ಆತು ಕೂಸೇ, ಆನೇ ಒಡದಿ. ಮನೆ ಪೂರ್ತಿ ಸಾರ್ಸಿ ಹೊಸದು ಹಾಕ್ಯ. ಆಗ್ತಿಲ್ಲೆ ಹೇಳಾದ್ರೆ ಶಿವರಾತ್ರಿ ಒಳಗೆ ಬೇರೆ ಬಿಡಾರ ನೋಡ್ಕ್ಯ."

ನಾನು ಅತ್ತೆನೇ? ಇಲ್ಲ. ಬೈದೆನೇ? ಅದೂ ಇಲ್ಲ. ಆ ಒಲೆಯ ಒಂದು ಹೋಳು ಇನ್ನೂ ಬಿಸಿಯಾಗಿತ್ತು, ಅದನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತೆ. ನಮ್ಮ ದಶಾವತಾರ ಶುರುವಾಗುವುದೇ ಮೀನಿನಿಂದ. ಪ್ರಳಯದಲ್ಲಿ ದೋಣಿ ಎಳೆದು ಲೋಕವನ್ನು ದಡ ಹತ್ತಿಸಿದ್ದು ಒಂದು ಮೀನು. ಆ ಮೀನಿನ ಪಟ ಸಾವಿತ್ರಕ್ಕನ ದೇವರ ಗೂಡಿನಲ್ಲಿ ಬೆಳ್ಳಿಯ ಚೌಕಟ್ಟಿನಲ್ಲಿತ್ತು, ದಿನಾ ಹೂವೇರಿಸುತ್ತಿದ್ದಳು. ಮೀನು ಮುಟ್ಟಿದ ಕೈ ಮಾತ್ರ ಕೆಂಡ ಮುಟ್ಟಬಾರದು. ನಮ್ಮವರು ಹೊಂದಿಕೊಂಡು ಹೋಗೋಣ ಎಂದರು. ಹೊಂದಿಕೊಳ್ಳುವುದು ಎಂದರೆ ಯಾವಾಗಲೂ ಒಡೆಸಿಕೊಂಡವರೇ ಹೊಂದಿಕೊಳ್ಳುವುದು ಏಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆ ತಾಂಡೇಲರ ಮಚವೆ ಕೊಳ್ಳೋಣ, ನನ್ನ ಚಿನ್ನದ ಪಾಟಲಿ ಬಳೆ ಮಾರಿ, ಅದರ ಮೇಲೆ ನನ್ನ ಒಲೆ ಹೂಡುತ್ತೇನೆ, ಆ ಒಲೆಯನ್ನು ಯಾರೂ ಒಡೆಯಲಾರರು, ಎಂದೆ. ಘಟ್ಟ ಇಳಿಯುವಷ್ಟರಲ್ಲಿ ಇವಳ ಸಿಟ್ಟು ಇಳಿಯುತ್ತದೆ ಎಂಬ ಲೆಕ್ಕದಲ್ಲಿ ಅವರು ಒಪ್ಪಿ ರಜೆ ಹಾಕಿದರು. ಘಟ್ಟ ಇಳಿದದ್ದಾಯಿತು, ಸಿಟ್ಟು ಇಳಿಯಲಿಲ್ಲ.

ಹಡಗು ಆರಿಸುವುದು ಹೇಗೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಮನೆ ನೋಡುವುದು ಗೊತ್ತಿತ್ತು. ತಾಂಡೇಲರು ತಮ್ಮದಲ್ಲದೆ ಇನ್ನೆರಡು ಮಾರಾಟದ ಮಚವೆಗಳನ್ನೂ ತೋರಿಸಿದರು. ಮೊದಲನೆಯದಕ್ಕೆ ಹೊಸ ಬಣ್ಣ ಬಳಿದಿತ್ತು. ಹೊಸ ಸುಣ್ಣ ಬಳಿದ ಬಿಡಾರದಲ್ಲಿ ಯಾವಾಗಲೂ ಗೋಡೆ ಸೋರುತ್ತದೆ ಎನ್ನುವುದು ನನ್ನ ಅನುಭವ, ಅದನ್ನು ಬಿಟ್ಟೆ. ಎರಡನೆಯದರಲ್ಲಿ ತುಳಸಿ ಕುಂಡ ಇಡಲು ಜಾಗವಿರಲಿಲ್ಲ. ತಾಂಡೇಲರದ್ದೇ ಹಿಡಿಸಿತು. ಒರಳುಕಲ್ಲಿಗೆ ನಡುವೆ ಜಾಗವಿತ್ತು. ಸೀಳಿದ ಕೂವೆಮರಕ್ಕೆ ಕಟ್ಟಿದ್ದ ಹಾಯಿಯ ಉದ್ದನೆಯ ಗಳ ಕಂಡದ್ದೇ ನನ್ನ ಅರ್ಧ ಮನಸ್ಸು ಸೋತಿತು. ಅಷ್ಟು ಎತ್ತರದಲ್ಲಿ ಮಡಿಬಟ್ಟೆ ಹರವಿದರೆ ಮುಟ್ಟುವುದು ಹೋಗಲಿ, ನೆರಳು ಬೀಳಿಸುವವರೂ ಯಾರೂ ಇಲ್ಲ. ಹಲಗೆಗಳ ನಡುವೆ ನೀರು ಜಿನುಗುತ್ತಿತ್ತು. ಕೇಳಿದರೆ ತಾಂಡೇಲರು, ಅದು ನೀರು ಕುಡೀತದೆ ಅಷ್ಟೇ ಅಮ್ಮ, ಬಾಯಾರಿಕೆ ಆರಿದ ಮೇಲೆ ಸುಮ್ಮಗಿರ್ತದೆ ಎಂದರು. ಸೋರುವ ಮಾಡನ್ನು ತೋರಿಸಿದರೆ ಗಾಳಿ ಬೆಳಕು ಚೆನ್ನಾಗಿದೆ ಎಂದಿದ್ದ ಶಿರಸಿಯ ಒಡತಿ ನೆನಪಾಗಿ ಮೈ ಉರಿಯಿತು. ಮಾರುವವರೆಲ್ಲ ಒಂದೇ ತಾಯಿಯ ಮಕ್ಕಳು.

ನಮ್ಮವರು ಕಿಸೆಯಿಂದ ಕಾಗದ ಪೆನ್ಸಿಲು ತೆಗೆದರು. ಜಮೀನಿನ ಖರೀದಿಪತ್ರ ಬರೆದೂ ಬರೆದೂ ಸವೆದ ಕೈ. ಎಷ್ಟು ಉದ್ದ, ಎಷ್ಟು ಅಗಲ ಎಂದು ಬರೆದುಕೊಂಡು ಗಂಭೀರವಾಗಿ, ಇದರ ಚೆಕ್ಕುಬಂದಿ ಹೇಳಿ ಎಂದರು. ತಾಂಡೇಲರು ಸುತ್ತ ಒಮ್ಮೆ ನೋಡಿದರು.

"ಮೂಡಕ್ಕೆ ನೀರು, ಪಡುವಕ್ಕೆ ನೀರು, ತೆಂಕಕ್ಕೆ ನೀರು, ಬಡಗಕ್ಕೆ ನೀರು. ಅಡಿಗೂ ನೀರೇ. ಬರ್ಕೊಳ್ಳಿ."

ನಮ್ಮವರು ಬರೆದುಕೊಂಡರು. ನಾಲ್ಕೂ ಕಡೆ ಒಡೆಯನಿಲ್ಲದ ಗಡಿ! ಆ ಚೆಕ್ಕುಬಂದಿ ಕೇಳಿದಾಗ ನನಗಾದ ಸುಖವನ್ನು ಸ್ವಂತ ಮನೆಯವರಿಗೆ ತಿಳಿಸಿ ಹೇಳುವುದು ಕಷ್ಟ.

ಒಲೆ ಎಲ್ಲಿ ಎಂದು ಕೇಳಿದೆ. ಮುಂಭಾಗದ ಬಲಮಗ್ಗುಲಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ತಗಡು ಹೊದಿಸಿ, ಮಣ್ಣು ಮರಳು ತುಂಬಿ, ಮೂರು ಕಲ್ಲು ಹೂತಿದ್ದರು. ಗಾಳಿ ತಾಗದಂತೆ ಮೂರು ಕಡೆ ಹಲಗೆ. ಮಸಿ ಹಿಡಿದು ಕರಿಬಂಡೆಯಾಗಿತ್ತು. ತಾಂಡೇಲರ ತಾಯಿ, ಎಲ್ಲರೂ ಮಾಯಿ ಎನ್ನುತ್ತಿದ್ದ ಮುದುಕಿ, ಅದರ ಪಕ್ಕದಲ್ಲೇ ಕುಳಿತಿದ್ದಳು. ಮಗ ಮಾರಲು ಹೊರಟಿದ್ದು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, ನಮ್ಮ ಮನೆಯಲ್ಲಿ ಮೀನು ಮಾಡುವುದುಂಟೇ ಎಂದು ಕೇಳಿದಳು. ಈ ಪ್ರಶ್ನೆಗೆ ನಾನು ಮೂರು ಊರುಗಳಲ್ಲಿ ಉತ್ತರ ಕೊಟ್ಟು ಪಳಗಿದವಳು. ಇಲ್ಲ, ಇಲ್ಲವೇ ಇಲ್ಲ ಎಂದೆ ಹೆಮ್ಮೆಯಿಂದ.

"ಹಾಂಗಾರೆ ಕೊಡೂದಿಲ್ಲ," ಎಂದಳು ಮಾಯಿ. "ಮೀನು ಉಂಡು ಬೆಳೆದ ಮಚವೆ ಇದು. ಉಪಾಸ ಕೆಡವೂಕೆ ಕೊಡೂದಿಲ್ಲ."

ನೋಡಿ ನನ್ನ ಗ್ರಹಚಾರ! ಘಟ್ಟದ ಮೇಲೆ ಮೀನಿನ ನೆರಳು ಬಿತ್ತೆಂದು ಒಲೆ ಒಡೆಸಿಕೊಂಡು ಬಂದರೆ, ಘಟ್ಟದ ಕೆಳಗೆ ಮೀನಿಲ್ಲವೆಂದು ಒಲೆ ಕೊಡುವುದಿಲ್ಲವಂತೆ. ನನ್ನ ಒಂದು ಹೊತ್ತಿನ ಅಡಿಗೆ ಉಂಡು ನೋಡಿ ಆಮೇಲೆ ಹೇಳು ಎಂದು ಅವಳ ಮೇಲೂ ರೇಗಿದೆ. ಅವಳಿಗೆ ನನ್ನ ರೇಗಾಟ ಹಿಡಿಸಿತೆಂದು ಕಾಣುತ್ತದೆ, ಸರಿದು ಜಾಗ ಬಿಟ್ಟಳು. ಆ ಪೆಟ್ಟಿಗೆಯೊಳಗೆ ಅನ್ನ ಮಾಡಿದೆ, ಬೇಳೆಸಾರು ಮಾಡಿದೆ. ಉರಿ ಎಂಥ ಉರಿ ಅಂತೀರಿ! ಹೊಳೆಯ ಗಾಳಿ ಮೇಲೆ ಬೀಸುತ್ತಿದ್ದರೂ ಒಳಗೆ ಜ್ವಾಲೆ ಅಲ್ಲಾಡಲಿಲ್ಲ. ನಮ್ಮವರು ದಿಕ್ಕು ನೋಡಿ, ಮಚವೆಯ ಮೂಗು ಮೂಡಕ್ಕಿದೆ, ಒಲೆ ಸರಿಯಾಗಿ ಆಗ್ನೇಯದಲ್ಲಿದೆ ಎಂದು ತೃಪ್ತಿಪಟ್ಟು ಮೂಡುಮುಖವಾಗಿ ಎಲೆಯ ಮುಂದೆ ಕುಳಿತರು.

ಅವರದು ನಿಧಾನದ ಊಟ. ಸಾರನ್ನ ಮುಗಿಸಿ ತಲೆ ಎತ್ತಿದರೆ ಎದುರಿಗಿದ್ದ ಗುಡ್ಡ ಇಲ್ಲ. ಇಳಿತ ಮುಗಿದು ಭರತ ಏರುತ್ತಿತ್ತು. ಲಂಗರು ಹಾಕಿದ ಮಚವೆ ಮೆಲ್ಲನೆ ಮುಖ ತಿರುಗಿಸುತ್ತಿತ್ತು. ಮಜ್ಜಿಗೆಗೆ ಬರುವಾಗ ಅವರು ತೆಂಕುಮುಖ. ತಂದೆತಾಯಿ ಇರುವವರು ತೆಂಕಕ್ಕೆ ಮುಖ ಮಾಡಿ ಉಣ್ಣಬಾರದಲ್ಲ! ಎಲೆ ಎತ್ತಿಕೊಂಡು ಎಡಕ್ಕೆ ತಿರುಗಿ ಕುಳಿತರು. ಎರಡು ತುತ್ತು ಉಣ್ಣುವಷ್ಟರಲ್ಲಿ ಮತ್ತೆ ತೆಂಕು. ಮತ್ತೆ ಎಲೆ ಎತ್ತಿದರು. ನನ್ನ ಸಾರನ್ನ ಉಂಡು, ಕೊಡೂದಿಲ್ಲ ಎಂದದ್ದನ್ನೇ ಮರೆತಿದ್ದ ಮಾಯಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಕೈ ತೊಳೆಯುವ ಹೊತ್ತಿಗೆ ಆಗ್ನೇಯದ ಒಲೆ ವಾಯವ್ಯಕ್ಕೆ ಹೋಗಿತ್ತು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಒಲೆ ಒಡೆದ ಮೇಲೆ ನಕ್ಕದ್ದು ಅದೇ ಮೊದಲು. ಇದೇ ನನ್ನ ಮನೆ, ಮಾತು ಮುಗಿಸಿ ಎಂದು ನಮ್ಮವರಿಗೆ ಹೇಳಿದೆ.

ಒಂದೇ ಒಂದು ಮಾತು ಕೇಳುವುದು ಉಳಿದಿತ್ತು. ಮಳೆಗಾಲದಲ್ಲಿ ಹೇಗೆ? ತಾಂಡೇಲರು ತಲೆ ಕೆರೆದುಕೊಂಡರು. ಮಳೆಗೆ ಮುಂಚೆ ಮಚವೆಯನ್ನು ದಡಕ್ಕೆ ಎಳೆದು, ಹೆಣೆದ ತೆಂಗಿನ ಗರಿಯ, ಅಂದರೆ ಮಡಲಿನ, ಮಾಡು ಹಾಕಿ ಇಡಬೇಕಂತೆ, ನೀರಿನಲ್ಲಿ ಬಿಟ್ಟರೆ ಉಳಿಯುವುದಿಲ್ಲವಂತೆ. ದಡದ ತೆಂಗಿನ ತೋಟ ಒಬ್ಬ ಒಡೆಯರದ್ದು. ಅವರೇ ದಂಡೆಯಲ್ಲಿ ಎಲೆಯಡಿಕೆ ಜಗಿಯುತ್ತಾ ನಿಂತಿದ್ದರು. ನಾವು ಹೋಗಿ ಕೇಳಿದೆವು. ಅವರು ಪಿಚಕ್ಕನೆ ಉಗಿದು ಹೇಳಿದರು: ಜಾಗದ ಬಾಡಿಗೆ ಮೊದಲೇ ಕೊಡಬೇಕು. ಬಟ್ಟೆ ಒಣಗಿಸೂಕಿಲ್ಲ. ನೆಂಟರನ್ನ ಕರೆಯೂಕಿಲ್ಲ.

"ಮತ್ತೆ ಮಡಲಿನ ಅಡಿಗೆ ಒಲೆ ಹಚ್ಚೂಕಿಲ್ಲ," ಎಂದರು. "ಹಚ್ಚಿದ್ರೆ ಒದ್ದು ಹಾಕ್ತೆ."

ಸಮುದ್ರಕ್ಕೂ ಒಬ್ಬ ಸಾವಿತ್ರಕ್ಕ! ಹಾಯಿಯಿರುವ ಹಡಗಿಗೂ ವರ್ಷಕ್ಕೊಮ್ಮೆ ಬಿಡಾರ, ಬಾಡಿಗೆ, ಒಡೆಯ. ನನ್ನ ಕಣ್ಣಲ್ಲಿ ನೀರೇ ಬಂತು. ದುಃಖದ ನೀರಲ್ಲ ಅದು, ಅಪ್ಪಟ ಸಿಟ್ಟಿನದು. ನಿಮ್ಮ ತೋಟ ನಿಮ್ಮ ತಲೆ ಮೇಲೆ ಹೊತ್ತುಕೊಳ್ಳಿ ಎಂದು ಆ ಮನುಷ್ಯರಿಗೆ ಹೇಳಿದೆ. ನಮ್ಮವರು ನಾನು ಏನೂ ಹೇಳಲಿಲ್ಲವೆಂಬಂತೆ ಅವರಿಗೆ ನಮಸ್ಕಾರ ಮಾಡಿದರು.

ತಿರುಗಿ ಮಚವೆಗೆ ಹೋದವಳು ಪೆಟ್ಟಿಗೆಯ ಪಕ್ಕ ಕುಳಿತೆ. ಕೆಂಡ ಇನ್ನೂ ಇತ್ತು. ಮಾಯಿ ಏನನ್ನೂ ಕೇಳದೆ ಒಂದು ಲೋಟ ಬೆಲ್ಲದ ಕಾಫಿ ಬಿಸಿ ಮಾಡಿ ಕೊಟ್ಟಳು. ಕುಡಿಯುತ್ತಾ ಆ ಪೆಟ್ಟಿಗೆಯ ಎರಡು ಬದಿಯ ಹಗ್ಗದ ಹಿಡಿಗಳನ್ನು ನೋಡಿದೆ. ಅಲ್ಲಾ, ಇಷ್ಟು ಹೊತ್ತು ನಾನು ನೋಡಿದ್ದೆಲ್ಲ ಏನು? ನನಗೆ ಬೇಕಾದ್ದು ಮಚವೆಯೇ? ಕೂವೆಮರ ಬೇಡ, ಹಾಯಿ ಬೇಡ, ಲಂಗರು ಬೇಡ. ಇದನ್ನು ಎತ್ತಬಹುದಲ್ಲ! ಈ ಒಲೆಯನ್ನು ಕೊಡುತ್ತೀಯಾ ಎಂದು ಕೇಳಿದೆ. ಒಲೆಗೆ ಬೆಲೆ ಕಟ್ಟುವುದುಂಟೇ ಎಂದಳು ಮಾಯಿ. ಮಗ ಮಾತ್ರ ತಕ್ಷಣ ಕಟ್ಟಿದರು, ಒಂದು ಪೈಸೆಯೂ ಬಿಡಲಿಲ್ಲ. ಮಾಯಿಯದು ಒಂದೇ ಕಟ್ಟಲೆ: ಕೆಂಡ ಕೇಳಿದವರಿಗೆ ಈ ಒಲೆ ಇದುವರೆಗೆ ಇಲ್ಲವೆಂದಿಲ್ಲ, ನೀನೂ ಅನ್ನಬೇಡ. ಬಾಡಿಗೆ ಮನೆಗಳಲ್ಲಿ ನಾನು ಕೇಳಿದ ಎಲ್ಲ ಕಟ್ಟಲೆಗಳಲ್ಲಿ ತಲೆ ಬಾಗಿಸಿ ಒಪ್ಪಿದ್ದು ಇದೊಂದನ್ನೇ.

ಪೆಟ್ಟಿಗೆ ಬಸ್ಸಿನ ಮಾಡು ಹತ್ತಿತು. ಏನಿದು ಎಂದು ಕಂಡಕ್ಟರು ಕೇಳಿದರೆ ನಮ್ಮವರು, ಹಡಗು ಕೊಂಡೆವು, ಇಷ್ಟು ಸಾಕಾಯಿತು ಎಂದರು. ಅವರಿಗೆ ತಮಾಷೆ ಬರುವುದು ಅಪರೂಪ, ಆದ್ದರಿಂದ ನೆನಪಿದೆ.

ಶಿವರಾತ್ರಿಯ ಒಳಗೇ ಶಿರಸಿಯಲ್ಲಿ ಇನ್ನೊಂದು ಬಿಡಾರ ಸಿಕ್ಕಿತು. ವರ್ಗದ ಹುಕುಮೂ ಬಂದಿತ್ತು. ಅಲ್ಲಿಯವರೆಗೆ ಹಿತ್ತಿಲಿನ ಸೀಬೆಮರದ ಕೆಳಗೆ ಪೆಟ್ಟಿಗೆ ಇಟ್ಟು ಅಡಿಗೆ ಮಾಡಿದೆ. ಸಾವಿತ್ರಕ್ಕನ ಕಿಂಡಿಗೆ ಅದು ಕಾಣುತ್ತಿರಲಿಲ್ಲ. ಹೊರಡುವ ಹಿಂದಿನ ದಿನ, ಆಲೆಮನೆಯಿಂದ ಕಬ್ಬಿನ ಹಾಲು ತರಿಸಿ ತೊಡೆದೇವು ಮಾಡಲು ಕುಳಿತೆ. ಮಡಕೆಯನ್ನು ಬೋರಲು ಹಾಕಿ ಅದರ ಬೆನ್ನಿನ ಮೇಲೆ ಹಿಟ್ಟು ಸವರಿ, ಕಾಗದಕ್ಕಿಂತ ತೆಳ್ಳಗೆ ಎಬ್ಬಿಸುವ ಸಿಹಿ ಅದು. ಉರಿ ಒಂದು ಚೂರು ಹೆಚ್ಚುಕಡಿಮೆಯಾದರೂ ಹರಿದುಹೋಗುತ್ತದೆ. ಅವತ್ತು ಒಂದೂ ಹರಿಯಲಿಲ್ಲ. ತುಪ್ಪದ ವಾಸನೆಗೆ ಸಾವಿತ್ರಕ್ಕ ಹಿತ್ತಿಲಿಗೆ ಬಂದಳು. ಕರೆಯದೆ ಮಣೆ ಎಳೆದು ಕುಳಿತಳು. ಊರು ಬಿಟ್ಟು ಹೋಗುವಾಗ ಬಂದವರಿಗೆ ಕೊಡದೆ ಇರಲಾಗುತ್ತದೆಯೇ? ಕೊಟ್ಟೆ. ಒಂದು ತಿಂದಳು, ಇನ್ನೊಂದು ತಿಂದಳು. ಇಷ್ಟು ಚೊಲೋ ಉರಿಯ ಒಲೆ ತಮ್ಮ ಮನೆಯಲ್ಲೂ ಇಲ್ಲ, ಯಾರು ಹಾಕಿದ್ದು ಎಂದು ಕೇಳಿದಳು. ಹೇಳಿದೆ. ಮಚವೆಯದ್ದು, ವರ್ಷಗಟ್ಟಲೆ ಇದರ ಮೇಲೆ ಮೀನು ಬೆಂದಿದೆ, ಅವತ್ತು ಕೆಂಡ ತೆಗೆದ ತಾಂಡೇಲರದ್ದೇ ಎಂದು ಒಂದನ್ನೂ ಬಿಡದೆ ಹೇಳಿದೆ.

ಸಾವಿತ್ರಕ್ಕನ ಕೈ ಬಾಯಿಯ ಹತ್ತಿರ ನಿಂತಿತು. ಎಲೆಯ ಮೇಲೆ ಇನ್ನೂ ಅರ್ಧ ತೊಡೆದೇವು ಇತ್ತು. ಅದನ್ನು ನೋಡಿದಳು, ಒಲೆಯನ್ನು ನೋಡಿದಳು, ನುಂಗಿದಳು.

"ಬೆಂಕಿಗೆ ಎಂತಾ ಮೈಲಿಗೆಯೇ? ಅಗ್ನಿ ಮುಟ್ಟಿದ್ದೆಲ್ಲಾ ಶುದ್ಧ ಹೇಳಿ ಇದ್ದು," ಎಂದಳು.

ನಾನು ಹಿಟ್ಟಿನ ಕೈ ಹಾಗೇ ಬಿಟ್ಟೆ. "ಹಂಗಾರೆ ಅವತ್ತು ಯನ್ನ ಒಲೆಲಿ ಇದ್ದಿದ್ದು ಬೆಂಕಿ ಅಲ್ದ, ಸಾವಿತ್ರಕ್ಕಾ?"

ಅವಳು ಎಲ್ಲೋ ನೋಡಿದಳು. ಸೀಬೆಮರದ ಕೆಳಗೆ, ಗೊಬ್ಬರಗುಂಡಿಯ ಪಕ್ಕದಲ್ಲಿ, ಒಡೆದ ಒಲೆಯ ಕೆಂಪು ಹೋಳುಗಳು ಇನ್ನೂ ಬಿದ್ದಿದ್ದವು. ಆಮೇಲೆ ಎಲೆಯನ್ನು ನನ್ನ ಕಡೆ ಸ್ವಲ್ಪ ಸರಿಸಿ, ಮುಖ ನೋಡದೆ ಹೇಳಿದಳು.

"ಇನ್ನೊಂದು ಹಾಕೇ."

ಹಾಕಿದೆ. ಸಿಟ್ಟಿನಲ್ಲೇ ಹಾಕಿದೆ. ಆ ಸಿಟ್ಟು ಇನ್ನೂ ಹೋಗಿಲ್ಲ, ಪೆಟ್ಟಿಗೆಯ ಜೊತೆಗೆ ಊರಿಂದೂರಿಗೆ ಗಾಡಿ ಹತ್ತುತ್ತಾ ಬಂದಿದೆ. ಆದರೆ ಕೆಂಡ ಕೇಳಿದವರಿಗೆ ಇಲ್ಲವೆನ್ನುವುದಿಲ್ಲ ಎಂದು ಮಾತು ಕೊಟ್ಟಾಗಿತ್ತಲ್ಲ. ಮುದುಕಿ ಅದರಲ್ಲಿ ಒಲೆ ಒಡೆದವರನ್ನು ಬಿಟ್ಟು ಎಂದು ಹೇಳಿರಲಿಲ್ಲ.